ಗಾಡಿಯ ಹಳೆಯ ಸ್ಟಿಕ್ಕರ್ ಮತ್ತು ಗಮ್: ಬಣ್ಣ ಕೆಡದಂತೆ ತೆಗೆಯುವ ಬಗೆ

ಖಂಡೇನವಮಿ ಹತ್ತಿರ ಬಂತೆಂದರೆ ಓದುಗರಿಂದ ಒಂದೇ ಪ್ರಶ್ನೆ ಬರುತ್ತದೆ. ಗಾಡಿಯ ಮೇಲಿನ ಹಳೆಯ ಸ್ಟಿಕ್ಕರ್ ತೆಗೆಯುವುದು ಹೇಗೆ? ತೆಗೆದ ಮೇಲೆ ಉಳಿಯುವ ಕರಿ ಗಮ್‌ಗೆ ಏನು ಹಚ್ಚಬೇಕು? ಕೇಳುವವರಲ್ಲಿ ಸೆಕೆಂಡ್ಸ್ ಕಾರು ಕೊಂಡವರಿದ್ದಾರೆ. ಹಿಂದಿನ ಮಾಲೀಕರ ಮನೆದೇವರು, ಮಕ್ಕಳ ಹೆಸರೆಲ್ಲ ಇರುವ ಟಂಟಂ ಕೊಂಡವರಿದ್ದಾರೆ. ಟ್ರ್ಯಾಕ್ಟರ್ ಬಾನೆಟ್ಟಿನ ಪಟ್ಟಿ ಬಿಸಿಲಿಗೆ ಚೂರುಚೂರಾಗಿ ಎದ್ದು ಬೇಸರಪಟ್ಟವರೂ ಇದ್ದಾರೆ. ಈಚೆಗೆ ಫೈಬರ್ ದೋಣಿಗಳ ಬಗ್ಗೆಯೂ ಕೇಳಿದ್ದಾರೆ. ಅದರ ರೀತಿ ಸ್ವಲ್ಪ ಬೇರೆ, ಹಾಗಾಗಿ ಕೆಳಗೆ ಪ್ರತ್ಯೇಕವಾಗಿ ಬರೆದಿದ್ದೇನೆ.

ಸ್ಟಿಕ್ಕರ್‌ನಿಂದಲೇ ಬಣ್ಣ ಕೆಡುವುದು ಕಡಿಮೆ. ಅದನ್ನು ಕಿತ್ತುವ ಆತುರದಲ್ಲಿ ಕೆಡುವುದೇ ಜಾಸ್ತಿ. ಗ್ಯಾರೇಜಿನವರು ಕೊಟ್ಟ ಥಿನ್ನರ್ ಬಾಟಲಿ, ಅಡುಗೆಮನೆಯ ಚಾಕು, ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ಈ ಮೂರನ್ನೂ ಮೊದಲು ದೂರ ಇಡಿ.

ಯಾವುದನ್ನು ಮುಟ್ಟಬಾರದು

ಕೆಲಸ ಶುರು ಮಾಡುವ ಮುಂಚೆ ಗಾಡಿಯನ್ನು ಒಂದು ಸುತ್ತು ನೋಡಿ. ಕೆಲವು ಸ್ಟಿಕ್ಕರ್‌ಗಳು ಕಾನೂನಿನ ಪ್ರಕಾರ ಇರಲೇಬೇಕಾದವು.

ಕಾರಿನ ಮುಂದಿನ ಗಾಜಿನ ಒಳಗೆ, ಎಡ ಮೂಲೆಯಲ್ಲಿ ಹೊಳೆಯುವ ಹೊಲೊಗ್ರಾಮ್ ಸ್ಟಿಕ್ಕರ್ ಇರುತ್ತದೆ. ಅದು ಹೈ ಸೆಕ್ಯೂರಿಟಿ ನಂಬರ್ ಪ್ಲೇಟಿನ ಮೂರನೆಯ ಭಾಗ. ಪೆಟ್ರೋಲ್ ಮತ್ತು ಸಿಎನ್‌ಜಿ ಗಾಡಿಗೆ ತಿಳಿ ನೀಲಿ, ಡೀಸೆಲ್‌ಗೆ ಕಿತ್ತಳೆ ಬಣ್ಣ. ಕಿತ್ತರೆ ಹರಿಯುತ್ತದೆ, ಮತ್ತೆ ಅಂಟುವುದಿಲ್ಲ. ಬಾಗಿಲಿನ ಚೌಕಟ್ಟಿನಲ್ಲಿರುವ ಟೈರ್ ಗಾಳಿಯ ಸ್ಟಿಕ್ಕರ್, ಚಾಸಿ ನಂಬರ್ ಇರುವ ಪಟ್ಟಿ, ಏರ್‌ಬ್ಯಾಗ್ ಎಚ್ಚರಿಕೆ ಇವೂ ಇದ್ದಲ್ಲೇ ಇರಲಿ.

ಸೆಕೆಂಡ್ಸ್ ಕಾರಿನಲ್ಲಿ ಹಳೆಯ ಮಾಲೀಕರ ಫಾಸ್ಟ್ಯಾಗ್ ಇದ್ದರೆ, ಅದನ್ನು ಕೊಟ್ಟ ಬ್ಯಾಂಕಿನಲ್ಲಿ ಅವರ ಕಡೆಯಿಂದಲೇ ಮೊದಲು ಬಂದ್ ಮಾಡಿಸಿ. ಆಮೇಲೆ ಕಿತ್ತಬಹುದು. ಸುಮ್ನೆ ಕಿತ್ತು ಬಿಸಾಕಿದರೆ ಖಾತೆ ಹಾಗೇ ಉಳಿಯುತ್ತದೆ, ನಿಮ್ಮ ಗಾಡಿಗೆ ಹೊಸದು ಮಾಡಿಸುವಾಗ ತೊಡಕಾಗುತ್ತದೆ.

ಲಾರಿ, ಟಂಟಂ, ಟ್ರ್ಯಾಕ್ಟರ್ ಟ್ರೇಲರ್‌ಗಳಲ್ಲಿ ಬೆಳಕು ಬಿದ್ದರೆ ಹೊಳೆಯುವ ರೇಡಿಯಂ ಪಟ್ಟಿ ಇರುತ್ತದಲ್ಲ, ಹಿಂದೆ ಕೆಂಪು, ಮುಂದೆ ಬಿಳಿ, ಬದಿಗೆ ಹಳದಿ, ಅದನ್ನು ತೆಗೆದರೆ ಅದೇ ದಿನ ಹೊಸದು ಹಚ್ಚಬೇಕು. ಕಬ್ಬು ತುಂಬಿದ ಟ್ರೇಲರ್ ಕತ್ತಲಲ್ಲಿ ರಸ್ತೆ ಬದಿಗೆ ನಿಂತಿದ್ದರೆ, ಹಿಂದಿನಿಂದ ಬರುವ ಬೈಕ್ ಸವಾರನಿಗೆ ಕಾಣುವುದು ಆ ಪಟ್ಟಿ ಒಂದೇ. ದಯವಿಟ್ಟು ಇದರಲ್ಲಿ ಉದಾಸೀನ ಬೇಡ.

ಬೇಕಾಗುವ ಸಾಮಾನು

ಕೂದಲು ಒಣಗಿಸುವ ಡ್ರೈಯರ್. ಹಳೆಯ ಎಟಿಎಂ ಕಾರ್ಡ್ ಅಥವಾ ಪ್ಲಾಸ್ಟಿಕ್ ಪಟ್ಟಿ. ನಾಲ್ಕೈದು ಮೆತ್ತನೆಯ ಮೈಕ್ರೋಫೈಬರ್ ಬಟ್ಟೆ. ಕಾರ್ ಶಾಂಪೂ. ಗಮ್ ಕರಗಿಸಲು ಐಸೊಪ್ರೊಪೈಲ್ ಆಲ್ಕೊಹಾಲ್. ಇದು ಕೈಗೆ ಹಚ್ಚುವ ಸ್ಯಾನಿಟೈಸರ್‌ಗಳಲ್ಲೂ ಇರುವ ಸ್ಪಿರಿಟ್, ಔಷಧ ಅಂಗಡಿಯಲ್ಲಿ ಕೇಳಿ. ಇದರ ಬದಲು ನೀಲಗಿರಿ ಎಣ್ಣೆ, ಡಬ್ಲ್ಯುಡಿ-40 ಅಥವಾ ಸೀಮೆಎಣ್ಣೆ ಆದರೂ ನಡೆಯುತ್ತದೆ. ಕೈಗವಸು. ಕೊನೆಗೆ ಪಾಲಿಶ್ ಮತ್ತು ವ್ಯಾಕ್ಸ್.

ಹೀಟ್ ಗನ್ ಇದ್ದರೆ ಬೇಗ ಆಗುತ್ತದಲ್ವಾ ಎಂದು ಕೇಳುತ್ತೀರಿ. ಆಗುತ್ತದೆ. ಆದರೆ ಅದರ ಬಿಸಿ ಗಾಳಿ 500 ಡಿಗ್ರಿ ದಾಟಬಲ್ಲದು. ಕೈ ಪಳಗದವರು ಒಂದೇ ಜಾಗದಲ್ಲಿ ಸ್ವಲ್ಪ ಹೊತ್ತು ಹಿಡಿದರೂ ಬಣ್ಣ ಗುಳ್ಳೆ ಏಳುತ್ತದೆ, ಪ್ಲಾಸ್ಟಿಕ್ ಬಂಪರ್ ಸೊಟ್ಟಗಾಗುತ್ತದೆ. ಮನೆಯಲ್ಲಿ ಮಾಡುವವರಿಗೆ ಡ್ರೈಯರ್ ಸಾಕು.

1. ಮೊದಲು ಬಣ್ಣ ಯಾವುದೆಂದು ತಿಳಿದುಕೊಳ್ಳಿ

ಇಡೀ ಕೆಲಸದಲ್ಲಿ ಮುಖ್ಯವಾದ ಹಂತ ಇದೇ. ಬಹಳ ಜನ ಬಿಟ್ಟುಬಿಡುವುದೂ ಇದನ್ನೇ.

ಕಂಪನಿಯಲ್ಲಿ ಬಳಿದ ಕಾರಿನ ಬಣ್ಣವನ್ನು ದೊಡ್ಡ ಓವನ್‌ನಲ್ಲಿ ಸುಮಾರು 140 ಡಿಗ್ರಿಯಲ್ಲಿ ಬೇಯಿಸಿ ಗಟ್ಟಿ ಮಾಡಿರುತ್ತಾರೆ. ಬಣ್ಣದ ಮೇಲೆ ಕ್ಲಿಯರ್ ಕೋಟ್, ಅಂದರೆ ಹೊಳಪು ಕೊಡುವ ಪಾರದರ್ಶಕ ಪದರ ಇರುತ್ತದೆ. ಸ್ಪಿರಿಟ್, ಸೀಮೆಎಣ್ಣೆ ಸ್ವಲ್ಪ ಹೊತ್ತು ತಾಗಿದರೆ ಇದಕ್ಕೆ ಏನೂ ಆಗುವುದಿಲ್ಲ.

ಗ್ಯಾರೇಜಿನಲ್ಲಿ ಮತ್ತೆ ಬಳಿದ ಬಣ್ಣ ಹಾಗಲ್ಲ. ಅದರಲ್ಲಿ ಮೂರು ತರಹ. 2ಕೆ ಬಣ್ಣಕ್ಕೆ ಹಾರ್ಡನರ್ ಬೆರೆಸಿರುತ್ತಾರೆ, ಅದು ಹೆಚ್ಚುಕಡಿಮೆ ಕಂಪನಿ ಬಣ್ಣದಷ್ಟೇ ಗಟ್ಟಿ. ಎನ್‌ಸಿ ಬಣ್ಣ ಬರೀ ಥಿನ್ನರ್ ಆರಿ ಒಣಗಿದ್ದು. ವರ್ಷಗಳಾದ ಮೇಲೂ ಥಿನ್ನರ್ ತಾಗಿದರೆ ಮತ್ತೆ ಕರಗುತ್ತದೆ. ಟ್ರೇಲರ್‌ಗಳಿಗೆ ಬ್ರಷ್‌ನಲ್ಲಿ ಹೊಡೆಯುವ ಎನಾಮಲ್ ಥಿನ್ನರ್ ಬಿದ್ದರೆ ಸುಕ್ಕುಗಟ್ಟಿ ಎದ್ದುಬರುತ್ತದೆ.

ಹೇಗೆ ಗುರುತಿಸುವುದು? ಬಾಗಿಲಿನ ರಬ್ಬರ್ ಬೀಡಿಂಗ್ ಮೇಲೆ ಬಣ್ಣದ ಹನಿಗಳಿದ್ದರೆ, ಡಿಕ್ಕಿಯ ಒಳಗಿನ ಬಣ್ಣಕ್ಕೂ ಹೊರಗಿನದಕ್ಕೂ ವ್ಯತ್ಯಾಸ ಇದ್ದರೆ ಅದು ಮರುಬಣ್ಣ. ಒಂದು ಚಿಕ್ಕ ಅಯಸ್ಕಾಂತವನ್ನು ಅಲ್ಲಲ್ಲಿ ಇಟ್ಟು ನೋಡಿ. ಬೇರೆಡೆ ಗಟ್ಟಿಯಾಗಿ ಹಿಡಿದು ಒಂದು ಕಡೆ ಸಡಿಲವಾದರೆ ಅಲ್ಲಿ ಕೆಳಗೆ ಪುಟ್ಟಿ ಇದೆ ಎಂದರ್ಥ. ಕೊನೆಯ ಪರೀಕ್ಷೆ: ನೀವು ಬಳಸಲಿರುವ ದ್ರವವನ್ನೇ ಬಿಳಿ ಬಟ್ಟೆಗೆ ಎರಡು ಹನಿ ಹಾಕಿ, ಪೆಟ್ರೋಲ್ ಮುಚ್ಚಳದ ಒಳಗೆ ಅಥವಾ ಬಾಗಿಲಿನ ಕೆಳ ಅಂಚಿಗೆ ತಿಕ್ಕಿ. ಬಟ್ಟೆಗೆ ಬಣ್ಣ ಹತ್ತಿದರೆ ಆ ದ್ರವ ನಿಮ್ಮ ಗಾಡಿಗೆ ಆಗದು. ಅಂಥ ಗಾಡಿಗೆ ಬಿಸಿ ಗಾಳಿ, ಸೋಪಿನ ನೀರು, ಅಡುಗೆ ಎಣ್ಣೆ ಇಷ್ಟರಲ್ಲೇ ಮುಗಿಸಿ.

ಬೈಕಿನವರು ಇನ್ನೊಂದನ್ನು ನೋಡಬೇಕು. ಟ್ಯಾಂಕಿನ ಸ್ಟಿಕ್ಕರ್ ಅಂಚಿಗೆ ಉಗುರು ಆಡಿಸಿ. ಅಂಚು ಉಗುರಿಗೆ ಸಿಗದಿದ್ದರೆ ಸ್ಟಿಕ್ಕರ್ ಮೇಲೆ ಕ್ಲಿಯರ್ ಕೋಟ್ ಹೊಡೆದಿದ್ದಾರೆ. ಅದನ್ನು ಮನೆಯಲ್ಲಿ ತೆಗೆಯಲು ಆಗುವುದಿಲ್ಲ. ಟ್ಯಾಂಕ್ ಮತ್ತೆ ಪೇಂಟ್ ಮಾಡಿಸುವುದೊಂದೇ ದಾರಿ.

2. ತೊಳೆಯಿರಿ

ನಮ್ಮ ಕಡೆಯ ಧೂಳು ಸಣ್ಣದಲ್ಲ. ಎರೆ ಹೊಲದ ರಸ್ತೆ ಇರಲಿ, ಮಸಾರಿ ಮಣ್ಣಿರಲಿ, ಸ್ಟಿಕ್ಕರ್ ಅಂಚಿನ ಗಮ್‌ಗೆ ಅದು ಗಟ್ಟಿಯಾಗಿ ಹತ್ತಿರುತ್ತದೆ. ತೊಳೆಯದೆ ತಿಕ್ಕಿದರೆ ಆ ಧೂಳೇ ಬಣ್ಣವನ್ನು ಗೀರುತ್ತದೆ. ಶಾಂಪೂ ನೀರಿನಲ್ಲಿ ತೊಳೆದು, ಒಣ ಬಟ್ಟೆಯಲ್ಲಿ ಒರೆಸಿ. ಗದಗ, ಮುಂಡರಗಿ ಕಡೆ ಬೋರ್‌ವೆಲ್ ನೀರು ಸವಳಾಗಿದ್ದರೆ ತಾನಾಗೇ ಆರಲು ಬಿಡಬೇಡಿ, ಬಿಳಿ ಕಲೆ ಕೂರುತ್ತದೆ.

3. ಬಿಸಿ ಮಾಡಿ

ಈಗಿನ ಬಹುತೇಕ ಸ್ಟಿಕ್ಕರ್‌ಗಳು ವಿನೈಲ್‌ನವು. ವಿನೈಲ್ ಅಂದರೆ ಪಿವಿಸಿ ಪ್ಲಾಸ್ಟಿಕ್ಕಿನ ತೆಳು ಹಾಳೆ. ಅದು ಬಾಗಲಿ ಎಂದು ಎಣ್ಣೆಯಂಥ ಪದಾರ್ಥ ಸೇರಿಸಿರುತ್ತಾರೆ. ವರ್ಷಗಟ್ಟಲೆ ಬಿಸಿಲಿಗೆ ನಿಂತರೆ ಆ ಪದಾರ್ಥ ಕಡಿಮೆಯಾಗಿ ಹಾಳೆ ಹಪ್ಪಳದಂತೆ ಮುರಿಯುತ್ತದೆ. ಬಿಸಿ ತಾಗಿದರೆ ಹಾಳೆ ಮತ್ತೆ ಬಾಗುತ್ತದೆ, ಕೆಳಗಿನ ಗಮ್ ಸಡಿಲಾಗುತ್ತದೆ. ಬಿಸಿ ಸರಿಯಾಗಿದ್ದರೆ ಗಮ್ ಸ್ಟಿಕ್ಕರ್ ಜೊತೆಯೇ ಎದ್ದುಬರುತ್ತದೆ, ಮುಂದಿನ ಅರ್ಧ ಕೆಲಸ ತಪ್ಪುತ್ತದೆ.

ಡ್ರೈಯರ್ ಅನ್ನು ಒಂದು ಗೇಣಿನೊಳಗೆ ಹಿಡಿದು ಸದಾ ಆಡಿಸುತ್ತಿರಿ. ಒಂದು ಸಲಕ್ಕೆ ಅಂಗೈಯಷ್ಟು ಜಾಗ ಸಾಕು. ಎಷ್ಟು ಬಿಸಿ? ಅಂಗೈ ಇಟ್ಟು ಐದು ಎಣಿಸಲು ಆಗಬೇಕು. ಅಷ್ಟರೊಳಗೆ ಕೈ ತೆಗೆಯಬೇಕೆನಿಸಿದರೆ ಬಿಸಿ ಜಾಸ್ತಿಯಾಗಿದೆ, ಸ್ವಲ್ಪ ತಣಿಯಲು ಬಿಡಿ.

ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲೇ ಡ್ರೈಯರ್ ಕೆಲಸ ಮಾಡುತ್ತದೆ. ಬೆಳಗಿನ ಬಿಸಿಲಿಗೆ ಒಂದು ತಾಸು ನಿಲ್ಲಿಸಿ, ಆಮೇಲೆ ನೆರಳಿಗೆ ತಂದು ಕಿತ್ತಿ. ಮಟಮಟ ಮಧ್ಯಾಹ್ನ ಬಿಸಿಲಲ್ಲೇ ನಿಂತು ಮಾಡಬೇಡಿ. ಆ ಬಿಸಿಗೆ ಗಮ್ ನೂಲುನೂಲಾಗಿ ಎಳೆಯುತ್ತದೆ, ಹಚ್ಚಿದ ಸ್ಪಿರಿಟ್ ಕೆಲಸ ಮಾಡುವ ಮುಂಚೆಯೇ ಆರಿಹೋಗುತ್ತದೆ. ಧಾರವಾಡದ ಜಿಟಿಜಿಟಿ ಮಳೆಯ ದಿನಗಳಲ್ಲಿ ಇದಕ್ಕೆ ಉಲ್ಟಾ ತೊಂದರೆ. ಲೋಹದ ಹಾಳೆ ತಣ್ಣಗಿರುತ್ತದೆ, ಡ್ರೈಯರ್ ತೆಗೆದ ಕೂಡಲೇ ಗಮ್ ಮತ್ತೆ ಬಿಗಿಯುತ್ತದೆ. ಆಗ ಒಬ್ಬರು ಬಿಸಿ ಹಿಡಿಯಬೇಕು, ಇನ್ನೊಬ್ಬರು ಕಿತ್ತಬೇಕು.

4. ಕಿತ್ತುವ ಕೋನ

ಮೂಲೆಯನ್ನು ಉಗುರಿನಿಂದ ಎಬ್ಬಿಸಿ. ಎದ್ದ ತುದಿಯನ್ನು ನಿಮ್ಮ ಕಡೆಗೆ ನೇರ ಮೇಲಕ್ಕೆ ಎಳೆಯಬೇಡಿ. ಸ್ಟಿಕ್ಕರ್ ಅನ್ನು ಅದರ ಮೈಮೇಲೇ ಹಿಂದಕ್ಕೆ ಮಡಚಿ, ಗಾಡಿಯ ಮೈಗೆ ಹತ್ತಿರವಾಗಿಯೇ ನಿಧಾನ ಎಳೆಯಿರಿ. ನೇರ ಮೇಲಕ್ಕೆ ಎಳೆದಷ್ಟೂ ಬಣ್ಣದ ಮೇಲೆ ಎಳೆತ ಬೀಳುತ್ತದೆ. ಮರುಬಣ್ಣದ ಗಾಡಿಯಲ್ಲಿ, ಅದರಲ್ಲೂ ಪ್ಲಾಸ್ಟಿಕ್ ಬಂಪರ್ ಮೇಲೆ, ಬಣ್ಣವೇ ಸ್ಟಿಕ್ಕರ್ ಜೊತೆ ಎದ್ದುಬಂದಿರುವುದು ಹೀಗೆಯೇ. ಎಳೆಯುವ ವೇಗ ಎಷ್ಟಿರಬೇಕು ಎಂದರೆ, ಸ್ಟಿಕ್ಕರ್ ಬಿಡುವ ಗೆರೆ ನಿಮ್ಮ ಕಣ್ಣಿಗೆ ಕಾಣುತ್ತಿರಬೇಕು. ಹಿಂದೆ ಗಮ್ ಉಳಿಯುತ್ತಿದ್ದರೆ ನಿಲ್ಲಿಸಿ, ಇನ್ನಷ್ಟು ಬಿಸಿ ಕೊಡಿ.

ಮುರಿದು ಬರುವ ಸ್ಟಿಕ್ಕರ್‌ಗೆ ಎಟಿಎಂ ಕಾರ್ಡನ್ನು ಮಲಗಿಸಿ ಹಿಡಿದು ತಳ್ಳಿ. ಕಬ್ಬಿಣದ ಬ್ಲೇಡ್ ಬಣ್ಣಕ್ಕೆ ಬೇಡವೇ ಬೇಡ.

ಉಬ್ಬು ಅಕ್ಷರಗಳು, ಲೋಗೋಗಳು ಎರಡೂ ಕಡೆ ಅಂಟಿರುವ ಫೋಮ್ ಟೇಪಿನ ಮೇಲೆ ಕೂತಿರುತ್ತವೆ. ಅವನ್ನು ಸ್ಕ್ರೂಡ್ರೈವರ್ ಹಾಕಿ ಎಬ್ಬಿದರೆ ಲೋಹ ತಗ್ಗಾಗುತ್ತದೆ. ಬಿಸಿ ಮಾಡಿ, ಮೀನಿನ ಗಾಳದ ನೈಲಾನ್ ದಾರವನ್ನು ಅಕ್ಷರದ ಹಿಂದೆ ತೂರಿಸಿ, ಗರಗಸ ಎಳೆದಂತೆ ಆಚೆ ಈಚೆ ಎಳೆಯಿರಿ. ಫೋಮ್ ಎರಡಾಗುತ್ತದೆ, ಅಕ್ಷರ ಕೈಗೆ ಬರುತ್ತದೆ. ಉಳಿದ ಫೋಮನ್ನು ಹೆಬ್ಬೆರಳಿನಿಂದ ಉರುಳಿಸಿ ತೆಗೆಯಿರಿ.

5. ಗಮ್

ಈಗ ಡ್ರೈಯರ್ ಪ್ಲಗ್ ಕಿತ್ತು ದೂರ ಇಡಿ. ಸ್ಪಿರಿಟ್, ನೀಲಗಿರಿ ಎಣ್ಣೆ, ಸೀಮೆಎಣ್ಣೆ ಎಲ್ಲವೂ ಬೆಂಕಿ ಹತ್ತುವಂಥವು. ಬಿಸಿ ಮತ್ತು ದ್ರವ ಎಂದೂ ಒಟ್ಟಿಗೆ ಬೇಡ. ಗಾಳಿ ಆಡುವ ಜಾಗದಲ್ಲಿರಿ. ಬೀಡಿ, ಸಿಗರೇಟು, ಊದುಬತ್ತಿ ಹತ್ತಿರ ಬೇಡ. ಗಾಡಿಯ ಮೈ ಕೈಗೆ ತಣ್ಣಗಾದ ಮೇಲೆಯೇ ಶುರು ಮಾಡಿ.

ತಿಕ್ಕಿದರೆ ಗಮ್ ಹೋಗುತ್ತದೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ತಿಕ್ಕಿದರೆ ಅದು ಹರಡುತ್ತದೆ ಅಷ್ಟೇ. ಬೇಕಾದ್ದು ನೆನೆಯುವ ಸಮಯ. ಟಿಶ್ಯೂ ಅಥವಾ ಹತ್ತಿಯನ್ನು ದ್ರವದಲ್ಲಿ ಅದ್ದಿ ಗಮ್ ಮೇಲೆ ಅಂಟಿಸಿ, ಆರಿಹೋಗದಂತೆ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ. ಎರಡು ಮೂರು ನಿಮಿಷ ಬಿಡಿ. ಆಮೇಲೆ ಎಟಿಎಂ ಕಾರ್ಡಿನಿಂದ ಒಂದೇ ದಿಕ್ಕಿಗೆ ತಳ್ಳಿ. ಗಮ್ ಸುರುಳಿಯಾಗಿ ಏಳುತ್ತದೆ. ಉಳಿದದ್ದನ್ನು ಬಟ್ಟೆಯಲ್ಲಿ ಒರೆಸಿ, ಪ್ರತಿ ಸಲ ಬಟ್ಟೆಯ ಹೊಸ ಮಗ್ಗುಲು ತಿರುಗಿಸಿ. ಬೇಕಾದರೆ ಇನ್ನೊಮ್ಮೆ ನೆನೆಸಿ. ಒಂದೇ ಸಲಕ್ಕೆ ಹತ್ತು ಹದಿನೈದು ನಿಮಿಷ ಬಿಡುವುದಕ್ಕಿಂತ ಎರಡು ನಿಮಿಷದಂತೆ ನಾಲ್ಕು ಸಲ ಮಾಡುವುದು ಬಣ್ಣಕ್ಕೆ ಒಳ್ಳೆಯದು.

ಮನೆಯಲ್ಲಿ ಏನೂ ಇಲ್ಲವೇ? ಶೇಂಗಾ ಎಣ್ಣೆ ಅಥವಾ ಕೊಬ್ಬರಿ ಎಣ್ಣೆ ಹಚ್ಚಿ ಅರ್ಧ ತಾಸು ಬಿಡಿ. ನಿಧಾನ, ಆದರೆ ಎನ್‌ಸಿ ಬಣ್ಣಕ್ಕೂ ಅಪಾಯವಿಲ್ಲ. ಬಹಳ ಹಳೆಯ, ಗಟ್ಟಿಯಾದ ಗಮ್‌ಗೆ ಮಾತ್ರ ಇದು ಸಾಲದು.

ಪೆಟ್ರೋಲ್ ಬೇಡ. ಅದರ ಹಬೆ ಕಣ್ಣಿಗೆ ಕಾಣದೆ ನೆಲದ ಮೇಲೆ ಹರಡುತ್ತದೆ, ಒಂದು ಕಿಡಿ ಸಾಕು. ಉಗುರು ಬಣ್ಣ ತೆಗೆಯುವ ದ್ರವದಲ್ಲಿ ಸಾಮಾನ್ಯವಾಗಿ ಅಸಿಟೋನ್ ಇರುತ್ತದೆ. ಅದು ಹೆಡ್‌ಲೈಟ್ ಗ್ಲಾಸನ್ನು, ಬೈಕಿನ ಪ್ಲಾಸ್ಟಿಕ್ ಭಾಗಗಳನ್ನು ಮಂಕು ಮಾಡಿ ಬಿರುಕು ಬಿಡಿಸುತ್ತದೆ. ಆ ಬಿರುಕು ಯಾವ ಪಾಲಿಶ್‌ಗೂ ಹೋಗದು.

ಗಮ್ ಹೋದ ಮೇಲೆ ಶಾಂಪೂ ನೀರಿನಿಂದ ಮತ್ತೆ ತೊಳೆಯಿರಿ. ಎಣ್ಣೆ ಪಸೆ ಉಳಿದರೆ ಅದಕ್ಕೆ ಧೂಳು ಹತ್ತುತ್ತದೆ.

6. ಚೂರುಚೂರಾದ ಪಟ್ಟಿಗಳಿಗೆ ರಬ್ಬರ್ ಚಕ್ರ

ಟ್ರ್ಯಾಕ್ಟರ್ ಬಾನೆಟ್ಟಿನ ಉದ್ದ ಪಟ್ಟಿ, ಹಳೆಯ ರೇಡಿಯಂ ಇವು ಕಾಳಿನಷ್ಟು ಚೂರಾಗಿ ಬಂದರೆ ಉಗುರು ಸವೆಯುತ್ತದೆ, ಕೆಲಸ ಸಾಗುವುದಿಲ್ಲ. ಅದಕ್ಕೆ ಇರೇಸರ್ ವೀಲ್ ಎಂದು ಬರುತ್ತದೆ. ಡ್ರಿಲ್‌ಗೆ ಹಾಕುವ ರಬ್ಬರಿನ ಚಕ್ರ. ಸ್ಟಿಕ್ಕರ್ ಮತ್ತು ಗಮ್ ಎರಡನ್ನೂ ಒರೆಸಿ ತೆಗೆಯುತ್ತದೆ, ಕಂಪನಿ ಬಣ್ಣವನ್ನು ಬಿಡುತ್ತದೆ.

ಚಕ್ರದ ಮೇಲೆ ಗರಿಷ್ಠ ವೇಗ ಬರೆದಿರುತ್ತದೆ, ಅದನ್ನು ದಾಟಬೇಡಿ. ಇದನ್ನು ಕಟಿಂಗ್ ಗ್ರೈಂಡರ್‌ಗೆ ಹಾಕುವವರಿದ್ದಾರೆ. ಚಿಕ್ಕ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ, ಡ್ರಿಲ್ ಮೂರು ಸಾವಿರದ ಆಸುಪಾಸು. ಆ ವೇಗಕ್ಕೆ ಚಕ್ರ ಸಿಡಿಯಬಹುದು, ಬಣ್ಣ ಸುಡಬಹುದು. ಡ್ರಿಲ್‌ನಲ್ಲೇ ಮಾಡಿ, ಒತ್ತಬೇಡಿ, ಒಂದೇ ಕಡೆ ನಿಲ್ಲಿಸಬೇಡಿ, ಕನ್ನಡಕ ಹಾಕಿಕೊಳ್ಳಿ. ಮರುಬಣ್ಣದ ಮೇಲೆ, ಪ್ಲಾಸ್ಟಿಕ್ ಮೇಲೆ ಈ ಚಕ್ರ ಬೇಡ.

7. ಉಳಿದ ನೆರಳು

ಸ್ಟಿಕ್ಕರ್ ಹೋಯಿತು, ಗಮ್ಮೂ ಹೋಯಿತು, ಆದರೂ ಅಕ್ಷರ ಓದಲು ಬರುತ್ತಿದೆ! ಇದು ಕೊಳೆಯಲ್ಲ. ಸ್ಟಿಕ್ಕರ್ ಕೆಳಗಿನ ಬಣ್ಣ ಬಿಸಿಲು ಕಾಣದೆ ಹೊಸದಾಗಿಯೇ ಉಳಿದಿದೆ, ಸುತ್ತಲಿನದು ಮಾಸಿದೆ. ಕೆಂಪು ಗಾಡಿಗಳಲ್ಲಿ ಇದು ಎದ್ದು ಕಾಣುತ್ತದೆ. ಹಾಗಾಗಿ ಪಾಲಿಶ್ ಮಾಡಬೇಕಾದ್ದು ಸುತ್ತಲಿನ ಮಾಸಿದ ಭಾಗವನ್ನು. ನೆರಳಿನ ಮೇಲೆಯೇ ತಿಕ್ಕುತ್ತಾ ಕೂತರೆ ವ್ಯತ್ಯಾಸ ಹಾಗೇ ಉಳಿಯುತ್ತದೆ.

ಮೊದಲು ಸಣ್ಣ ಪಾಲಿಶ್‌ನಿಂದ ನೋಡಿ. ಆಗದಿದ್ದರೆ ರಬ್ಬಿಂಗ್ ಕಾಂಪೌಂಡ್. ಇದು ಬಣ್ಣದ ಮೇಲ್ಪದರವನ್ನು ಚೂರು ಸವೆಸುವ ಪೇಸ್ಟ್. ಕ್ಲಿಯರ್ ಕೋಟ್ ಸುಮಾರು 40ರಿಂದ 50 ಮೈಕ್ರಾನ್ ದಪ್ಪ. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ಅಂದಮೇಲೆ ಸವೆಸಲು ಎಷ್ಟು ಕಡಿಮೆ ಇದೆ ನೋಡಿ. ಬಾಗಿಲಿನ ಅಂಚು, ಬಾನೆಟ್ಟಿನ ಉಬ್ಬು ಗೆರೆಗಳ ಮೇಲೆ ಪದರ ಇನ್ನೂ ತೆಳು. ಅಲ್ಲಿ ಕಾಂಪೌಂಡ್ ಹಚ್ಚಬೇಡಿ. ಕ್ಲಿಯರ್ ಕೋಟ್ ಇಲ್ಲದ ಬಣ್ಣದಲ್ಲಿ ಬಟ್ಟೆಗೆ ಗಾಡಿಯ ಬಣ್ಣವೇ ಹತ್ತುವುದು ಸಹಜ. ಕ್ಲಿಯರ್ ಕೋಟ್ ಇರುವ ಗಾಡಿಯಲ್ಲಿ ಬಣ್ಣ ಹತ್ತಿದರೆ ಕೂಡಲೇ ನಿಲ್ಲಿಸಿ, ಪದರ ಮುಗಿದಿದೆ.

ಏಳೆಂಟು ವರ್ಷ ಬಿಸಿಲು ತಿಂದ ಬಾನೆಟ್ ಆದರೆ ನೆರಳು ಪೂರ್ತಿ ಹೋಗದಿರಬಹುದು. ಅಲ್ಲಿಗೆ ತೃಪ್ತಿಪಟ್ಟು ಬಿಡುವುದೇ ಜಾಣತನ.

ಗಾಜಿನ ಮೇಲಿನದು

ಗಾಜು ಸುಲಭ. ಸೋಪಿನ ನೀರು ಹಚ್ಚಿ, ಹೊಸ ಬ್ಲೇಡನ್ನು ಮಲಗಿಸಿ ತಳ್ಳಿದರೆ ಆಯಿತು. ಒಣ ಗಾಜಿಗೆ ಬ್ಲೇಡ್ ಬೇಡ. ಹಿಂದಿನ ಗಾಜಿನ ಒಳಗೆ ಸಣ್ಣ ಕಂದು ಗೆರೆಗಳಿದ್ದರೆ ಅದು ಮಂಜು ಕರಗಿಸುವ ಡಿಫಾಗರ್ ತಂತಿ. ಅಲ್ಲಿ ಬ್ಲೇಡ್ ಆಡಿಸಿದರೆ ಗೆರೆ ತುಂಡಾಗಿ ಕೆಲಸ ನಿಲ್ಲುತ್ತದೆ. ಬಿಸಿ ಮಾಡಿ ಕಿತ್ತಿ, ಗಾಜು ತಣ್ಣಗಾದ ಮೇಲೆ ಸ್ಪಿರಿಟ್ ಹಚ್ಚಿ ಗೆರೆಯ ದಿಕ್ಕಿಗೇ ಒರೆಸಿ.

ಫೈಬರ್ ದೋಣಿ

ಉಣಕಲ್ ಕೆರೆಯಂಥ ಕಡೆ ಓಡುವ ಫೈಬರ್ ದೋಣಿಗಳ, ಹಾವೇರಿ ಕಡೆ ತುಂಗಭದ್ರೆ, ವರದಾ ನದಿಗೆ ಇಳಿಸುವ ಫೈಬರ್ ಹರಿಗೋಲುಗಳ ಮೈ ಕಾರಿನ ಬಣ್ಣದಂಥದ್ದಲ್ಲ. ಹೊರಗಿನ ಹೊಳಪು ಪದರಕ್ಕೆ ಜೆಲ್‌ಕೋಟ್ ಎನ್ನುತ್ತಾರೆ. ಬಣ್ಣ ಬೆರೆಸಿದ ರೆಸಿನ್ ಅದು, ದೋಣಿ ಅಚ್ಚಿನಲ್ಲಿರುವಾಗಲೇ ಮೈಗೆ ಸೇರಿಕೊಂಡಿರುತ್ತದೆ. ಸುಮಾರು ಅರ್ಧ ಮಿಲಿಮೀಟರ್ ದಪ್ಪ, ಅಂದರೆ ಕಾರಿನ ಕ್ಲಿಯರ್ ಕೋಟ್‌ಗಿಂತ ಹತ್ತು ಪಟ್ಟು. ಹಾಗಾಗಿ ಕಾಂಪೌಂಡ್ ಹಾಕಲು ಇಲ್ಲಿ ಅವಕಾಶ ಜಾಸ್ತಿ.

ದೋಣಿಯನ್ನು ದಡಕ್ಕೆ ತಂದು, ನೆರಳಲ್ಲಿ ಪೂರ್ತಿ ಒಣಗಿಸಿ. ಡ್ರೈಯರ್ ಬಿಸಿ ಕೈ ತಡೆಯುವಷ್ಟೇ ಇರಲಿ. ಫೈಬರ್ ಬಿಸಿಯನ್ನು ಲೋಹದಂತೆ ಬೇಗ ಹರಡುವುದಿಲ್ಲ, ಒಂದೇ ಜಾಗದಲ್ಲಿ ಬಿಸಿ ನಿಂತು ಜೆಲ್‌ಕೋಟ್ ಹಾಳಾಗುತ್ತದೆ. ಗಮ್‌ಗೆ ಸ್ಪಿರಿಟ್ ಸಾಲದಿದ್ದರೆ ಜೆಲ್‌ಕೋಟ್ ಮೇಲೆ ಮಾತ್ರ ಅಸಿಟೋನ್ ಬಟ್ಟೆಗೆ ಹಾಕಿ ಒಂದೆರಡು ಸಲ ಬೇಗ ಒರೆಸಬಹುದು. ನೆನೆಸಿ ಬಿಡಬಾರದು. ಆದರೆ ದೋಣಿಗೆ ಆಮೇಲೆ ಪೇಂಟ್ ಹೊಡೆದಿದ್ದರೆ ಅಸಿಟೋನ್ ಆ ಪೇಂಟನ್ನೇ ಕಿತ್ತುಹಾಕುತ್ತದೆ. ಮೊದಲ ಹಂತದ ಬಿಳಿ ಬಟ್ಟೆ ಪರೀಕ್ಷೆ ಇಲ್ಲೂ ಬೇಕು. ಗಾಳಿ ತುಂಬುವ ರಬ್ಬರ್, ಪಿವಿಸಿ ದೋಣಿಗಳಿಗೆ ಅಸಿಟೋನ್ ಬೇಡ. ಅದು ಜೋಡಣೆಯ ಅಂಟನ್ನೂ ಬಿಡಿಸುತ್ತದೆ.

ಹಳೆಯ ಜೆಲ್‌ಕೋಟ್ ಬಿಸಿಲಿಗೆ ಸುಣ್ಣ ಬಳಿದಂತೆ ಬಿಳುಪಾಗಿರುತ್ತದೆ, ಕೈಗೆ ಪುಡಿ ಹತ್ತುತ್ತದೆ. ಸ್ಟಿಕ್ಕರ್ ಇದ್ದ ಜಾಗ ಮಾತ್ರ ಗಾಢವಾಗಿ ಕಾಣುತ್ತದೆ. ಆ ಪುಡಿ ಪದರವನ್ನು ಕಾಂಪೌಂಡ್‌ನಿಂದ ತೆಗೆದರೆ ಎರಡೂ ಒಂದಾಗುತ್ತವೆ, ಕಾರಿಗಿಂತ ಚೆನ್ನಾಗಿಯೇ. ತಕ್ಷಣ ವ್ಯಾಕ್ಸ್ ಹಚ್ಚಿ, ಇಲ್ಲವಾದರೆ ಮತ್ತೆ ಬೇಗ ಬಿಳುಪಾಗುತ್ತದೆ. ಎಂಜಿನ್ ದೋಣಿಯ ನೋಂದಣಿ ಸಂಖ್ಯೆ, ಎಷ್ಟು ಜನ ಕೂರಬಹುದು ಎಂಬ ಬರಹ ಇವನ್ನು ಅಳಿಸಬೇಡಿ. ದ್ರವ ಹತ್ತಿದ ಬಟ್ಟೆಯನ್ನು ಕೆರೆಯ ನೀರಿನಲ್ಲಿ ಹಿಂಡಲೇಬೇಡಿ.

8. ಕೊನೆಯ ಕೆಲಸ

ಸೀಮೆಎಣ್ಣೆ, ಸ್ಪಿರಿಟ್ ಹತ್ತಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯದೆ, ಮನೆಯಿಂದ ದೂರ ಬಯಲಲ್ಲಿ ಹರವಿ ಒಣಗಿಸಿ, ಆಮೇಲೆ ಕಸಕ್ಕೆ ಹಾಕಿ. ಮಕ್ಕಳ ಕೈಗೆ ಬಾಟಲಿ ಸಿಗದಂತೆ ಇಡಿ. ನೀರಿನ ಬಾಟಲಿಗೆ ಸೀಮೆಎಣ್ಣೆ ಹಾಕಿಡುವ ಅಭ್ಯಾಸ ಹಲವು ಮನೆಗಳಲ್ಲಿದೆ, ಅದನ್ನು ಇವತ್ತೇ ಬಿಡಿ.

ದ್ರವ ಹಚ್ಚಿದ ಜಾಗದಲ್ಲಿ ಹಳೆಯ ವ್ಯಾಕ್ಸ್ ಎಲ್ಲ ಹೋಗಿರುತ್ತದೆ, ಬಣ್ಣ ಬರಿಮೈಯಲ್ಲಿರುತ್ತದೆ. ತೆಳುವಾಗಿ ವ್ಯಾಕ್ಸ್ ಹಚ್ಚಿ, ಆರಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ. ಅದೇ ಜಾಗಕ್ಕೆ ಹೊಸ ಸ್ಟಿಕ್ಕರ್ ಹಚ್ಚುವುದಿದ್ದರೆ ಮಾತ್ರ ಅಲ್ಲಿ ವ್ಯಾಕ್ಸ್ ಬೇಡ. ವ್ಯಾಕ್ಸ್ ಮೇಲೆ ಗಮ್ ಹಿಡಿಯುವುದಿಲ್ಲ. ಸ್ಪಿರಿಟ್‌ನಿಂದ ಒರೆಸಿ, ಆರಿದ ಮೇಲೆ ಹಚ್ಚಿ, ಒಂದು ದಿನ ನೀರು ತಾಗಿಸಬೇಡಿ. ಗಾಡಿಗೆ ಈಚೆಗಷ್ಟೇ ಗ್ಯಾರೇಜಿನಲ್ಲಿ ಬಣ್ಣ ಹೊಡೆಸಿದ್ದರೆ, ಹಬ್ಬಕ್ಕೆ ಬೇಕೇ ಬೇಕು ಅನಿಸಿದರೂ ಒಂದು ತಿಂಗಳು ತಡೆಯಿರಿ. ಒಳಗಿನ ಥಿನ್ನರ್ ಪೂರ್ತಿ ಆರದ ಬಣ್ಣದ ಮೇಲೆ ಸ್ಟಿಕ್ಕರ್ ಹಚ್ಚಿದರೆ ಗುಳ್ಳೆ ಏಳುತ್ತದೆ, ಮುಂದೆ ಅದನ್ನು ಕಿತ್ತುವಾಗ ಬಣ್ಣವೂ ಜೊತೆಗೆ ಬರುತ್ತದೆ.